ಕೊಡತಿ ನಿಲ್ಲಬಾರದು

ನಮ್ಮೂರನ್ನು ಮೊದಲು ಕಟ್ಟಿದವರು ಯಾರೋ ಏನೋ, ಅವರಿಗೂ ಸಮತಟ್ಟಾದ ನೆಲಕ್ಕೂ ಹಳೆಯ ಜಗಳ ಇದ್ದಿರಬೇಕು. ಕೆಳಗೆ ಕಣಿವೆಯಲ್ಲಿ ಅಂಗೈಯಂಥ ಬಯಲು ಬಿದ್ದಿದ್ದರೂ ಅದನ್ನು ಬಿಟ್ಟು, ಎಮ್ಮೆಯ ಪಕ್ಕೆಗೆ ಉಣ್ಣೆ ಕಚ್ಚಿಕೊಂಡ ಹಾಗೆ ಬೆಟ್ಟದ ಪಕ್ಕೆಗೆ ಮನೆಗಳನ್ನು ಕಚ್ಚಿಸಿ ಹೋಗಿದ್ದಾರೆ. ಊರಿಗೆ ಇರುವುದು ಎರಡೇ ಬೀದಿ, ಮೇಲಿನದು ಮತ್ತು ಕೆಳಗಿನದು. ಮೇಲಿನ ಬೀದಿಯವರ ಅಂಗಳವೂ ಕೆಳಗಿನ ಬೀದಿಯವರ ಮಾಡೂ ಒಂದೇ ಮಟ್ಟದಲ್ಲಿವೆ. ಮೇಲೆ ಕೈಜಾರಿದ ಕುಂಬಳಕಾಯಿ ಕೆಳಗೆ ಯಾರದೋ ಒಲೆಯ ಮೇಲೆ ಬೇಯುತ್ತದೆ, ಕೇಳಲು ಹೋದರೆ, "ಯಾವ ಕುಂಬಳಕಾಯಿ?" ಎಂದು ಬಾಯಿ ಒರೆಸಿಕೊಳ್ಳುತ್ತಾ ಕೇಳುತ್ತಾರೆ. ನಮ್ಮ ಬಡಗಿ ಸ್ಟೂಲು ಮಾಡಿದರೆ ಎರಡು ಕಾಲು ಗಿಡ್ಡ, ಎರಡು ಉದ್ದ. ಬೇರೆ ಊರಿನಲ್ಲಿ ಅದರ ಮೇಲೆ ಕೂತವನು ಉರುಳುತ್ತಾನೆ, ನಮ್ಮಲ್ಲಿ ಮಾತ್ರ ನೆಟ್ಟಗೆ ಕೂರುತ್ತಾನೆ.

ಇಂಥ ಊರಿಗೆ ನೀರು ತಾನಾಗಿ ಬರುವುದಿಲ್ಲ, ಕೈಹಿಡಿದು ಕರೆದುಕೊಂಡು ಬರಬೇಕು. ಬೆಟ್ಟದ ಹಿಂಬದಿಯ ಹಳ್ಳದಿಂದ ಒಂದು ಕಾಲುವೆ ಹೊರಡುತ್ತದೆ. ಸ್ವಲ್ಪ ದೂರ ಮಣ್ಣಿನಲ್ಲಿ ಸಭ್ಯವಾಗಿ ಹರಿದು, ಆಮೇಲೆ ಗೋಡೆಯಂತೆ ನಿಂತ ಬಂಡೆಗೆ ಎದುರಾಗುತ್ತದೆ. ಅಲ್ಲಿ ಕಾಲುವೆ ತೋಡಲು ಜಾಗವಿಲ್ಲ. ಹಾಗಾಗಿ ಹಿಂದಿನವರು ಬಂಡೆಗೆ ಗೂಟ ಹೊಡೆದು, ಗೂಟಗಳ ಮೇಲೆ ಮರದ ದೋಣಿಗಳನ್ನು ಒಂದರ ಬಾಯಿಗೆ ಇನ್ನೊಂದರ ಬಾಲ ಕೂಡಿಸಿ ಸಾಲಾಗಿ ಇಟ್ಟಿದ್ದಾರೆ. ನೀರು ಆ ದೋಣಿಗಳ ಒಳಗೆ ಹರಿಯುತ್ತದೆ. ದೋಣಿಯ ಪಕ್ಕ ನಡೆಯಲು ಒಂದು ಹಲಗೆ. ಹಲಗೆಯ ಪಕ್ಕ ಏನೂ ಇಲ್ಲ. ಆ ಏನೂ ಇಲ್ಲದ್ದರ ತಳದಲ್ಲಿ ಹೊಳೆ ದಾರದ ಎಳೆಯ ಹಾಗೆ ಕಾಣುತ್ತದೆ.

ನೀರು ಊರು ಮುಟ್ಟುವ ಕಡೆ ಒಂದು ಪುಟ್ಟ ಚಕ್ರವಿದೆ. ನೀರು ಬಿದ್ದರೆ ಚಕ್ರ ತಿರುಗುತ್ತದೆ. ಚಕ್ರದ ಹಲ್ಲು ಒಂದು ಮರದ ಕೊಡತಿಯ ಬಾಲವನ್ನು ಅದುಮಿ ಬಿಡುತ್ತದೆ. ಕೊಡತಿ ತಲೆಯೆತ್ತಿ ಹಲಗೆಯ ಮೇಲೆ ಬೀಳುತ್ತದೆ. ಟಕ್. ಮತ್ತೆ ಟಕ್. ಹಗಲಿರುಳು, ಎರಡೂ ಬೀದಿಗೆ ಕೇಳುವ ಹಾಗೆ. ಸದ್ದು ಇದ್ದರೆ ನೀರು ಇದೆ. ಸದ್ದು ನಿಂತರೆ ಎಲ್ಲೋ ಎಲೆ ಕಟ್ಟಿದೆ, ಇಲ್ಲವೇ ದೋಣಿ ಜಾರಿದೆ, ಯಾರಾದರೂ ಓಡಬೇಕು. ನಮ್ಮೂರವರು ಹುಟ್ಟಿದಾಗಿನಿಂದ ಎರಡು ಟಕ್‌ಗಳ ನಡುವೆ ಮಾತಾಡಿ ಬೆಳೆದವರು. ಬಂದ ನೆಂಟರಿಗೆ ಆ ಸದ್ದಿನಲ್ಲಿ ನಿದ್ದೆ ಬಾರದು, ನಮಗೆ ಆ ಸದ್ದಿಲ್ಲದೆ ಬಾರದು. ಇದರಿಂದ ನಮಗೆ ಒಂದು ಅಭ್ಯಾಸ ಅಂಟಿದೆ: ನಮ್ಮಲ್ಲಿ ಯಾರೂ ಕಾಲುವೆಯನ್ನು ನೋಡುವುದಿಲ್ಲ. ಕೇಳಿದರೆ ಮುಗಿಯಿತು. ಮುಂದೆ ಹೇಳಲಿರುವ ಮಹಾಸಮರಕ್ಕೆ ಈ ಅಭ್ಯಾಸವೇ ಮೂಲ.

ಸದ್ದು ನಿಂತಾಗ ಓಡುವ ಆ ಯಾರಾದರೂ ಒಬ್ಬನೇ. ಕಾಲುವೆ ಕಾಯುವವನು. ಚಕ್ರದ ಪಕ್ಕದ ಮನೆಯೇ ಅವನದು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು, ಆದರೆ ಅಪ್ಪ ನಡೆಯುತ್ತಿದ್ದ, ಮಗ ಹಾರುತ್ತಿದ್ದ. ಊರು ಅವನಿಗೆ ಪಾದರಸ ಎಂದು ಹೆಸರಿಟ್ಟಿತು. ಅವನ ನಿಜವಾದ ಹೆಸರು ಈಗ ಅವನಿಗೂ ನೆನಪಿದೆಯೋ ಇಲ್ಲವೋ. ಕಡ್ಡಿಯಂಥ ಆಳು. ಊಟವನ್ನು ನಿಂತೇ ಮಾಡುತ್ತಾನೆ, ಒಂದು ಕಿವಿ ತಟ್ಟೆಯ ಕಡೆ, ಇನ್ನೊಂದು ಕಿವಿ ಕೊಡತಿಯ ಕಡೆ. ಒಮ್ಮೆ ಅರ್ಧ ಗಡ್ಡ ಹೆರೆದಿದ್ದಾಗ ಕೊಡತಿ ತೊದಲಿತು. ಒಂದು ಕೆನ್ನೆಯಲ್ಲಿ ಸೋಪಿನ ನೊರೆ ಹೊತ್ತುಕೊಂಡೇ ಬಂಡೆಯ ಕಡೆ ಓಡಿದ. ಅವನ ಮದುವೆಯ ಫೋಟೋ ಇವತ್ತಿಗೂ ಗೋಡೆಯ ಮೇಲಿದೆ. ಅದರಲ್ಲಿ ಮದುಮಗಳು ಕಲ್ಲಿನಲ್ಲಿ ಕಡೆದ ಹಾಗೆ ಸ್ಪಷ್ಟವಾಗಿ ನಿಂತಿದ್ದಾಳೆ, ಅವಳ ಪಕ್ಕ ಒಂದಿಷ್ಟು ಹೊಗೆ ಇದೆ. ಆ ಹೊಗೆಯೇ ಮದುಮಗ.

ಮದುವೆಯ ಕತೆಯೂ ಸದ್ದಿನದೇ. ದೋಣಿಗೆ ಬೇಕಾದ ದಿಮ್ಮಿ ಕೊಳ್ಳಲು ಅವನು ಕೆಳಗಿನ ಬಯಲಿಗೆ, ಒಬ್ಬ ಮರದ ವ್ಯಾಪಾರಿಯ ಮನೆಗೆ ಹೋಗಿದ್ದ. ಕೊಡತಿ ಕೇಳದ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಂಡು ಸುಟ್ಟ ಬೆಕ್ಕಿನ ಹಾಗೆ ಜಗಲಿಯ ಈ ತುದಿಯಿಂದ ಆ ತುದಿಗೆ ಸುತ್ತುತ್ತಿದ್ದ. ಅಷ್ಟರಲ್ಲಿ ಒಳಗೆ ಯಾರೋ ಏನನ್ನೋ ಕುಟ್ಟತೊಡಗಿದರು. ಟಕ್, ಟಕ್, ಟಕ್, ಆಮೇಲೆ ಒಂದು ಸಣ್ಣ ಬಿಡುವು, ಬಳೆ ಹಿಂದಕ್ಕೆ ತಳ್ಳಿಕೊಂಡ ಸದ್ದು, ಮತ್ತೆ ಟಕ್. ಪಾದರಸ ದೊಪ್ಪನೆ ಕೂತ. ಕೂತವನು ಅಲುಗಲಿಲ್ಲ. ವ್ಯಾಪಾರಿ ಗಾಬರಿಯಾಗಿ ನೀರು ತರಿಸಿದ. ದಿಮ್ಮಿ ಕೇಳಲು ಬಂದವನು ಏಳುವ ಹೊತ್ತಿಗೆ ಮಗಳನ್ನೂ ಕೇಳಿಬಿಟ್ಟಿದ್ದ.

ಆ ಮಗಳು ಬಯಲಿನ ಹೆಣ್ಣು, ಮೈಕೈ ತುಂಬಿಕೊಂಡವಳು. ಬಂದ ಹೊಸದರಲ್ಲಿ ಗಂಡನ ಹಿಂದೆ ಬಂಡೆಯ ಹಲಗೆ ಶುರುವಾಗುವ ತನಕ ಹೋದಳು. ಅಲ್ಲಿಂದ ಒಮ್ಮೆ ಕೆಳಗೆ ನೋಡಿದಳು. ತಿರುಗಿ ಬಂದು ಹಿತ್ತಲ ಕಲ್ಲಿನ ಮೇಲೆ ಕೂತಳು. ಆಮೇಲೆ ಯಾವತ್ತೂ ಚಕ್ರ ದಾಟಿ ಮೇಲೆ ಹೋಗಲಿಲ್ಲ. ಗಂಡ ಬಂಡೆಗೆ ಹೋದಾಗಲೆಲ್ಲ ಅದೇ ಕಲ್ಲಿನ ಮೇಲೆ, ಬಂಡೆಗೆ ಮುಖ ಮಾಡಿ, ಬುಟ್ಟಿ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಾ ಕೂರುವಳು. ಅವನು ಬಂದ ಮೇಲೆ ಏಳುವಳು. ತಲೆ ಮೇಲೆ ತಲೆ ಬಿದ್ದರೂ ಅಲುಗದವಳು ಎಂದು ಊರು ಅವಳಿಗೆ ಬಂಡೆಯಕ್ಕ ಎಂದು ಹೆಸರಿಟ್ಟಿತು. ಗಂಡ ಹೆಂಡತಿ ಇಬ್ಬರನ್ನೂ ಕಲಸಿ ಎರಡು ಭಾಗ ಮಾಡಿದ್ದರೆ ಇಬ್ಬರು ಸಾಧಾರಣ ಮನುಷ್ಯರು ಸಿಗುತ್ತಿದ್ದರು ಎಂದು ಬಡಗಿ ಹೇಳುತ್ತಿದ್ದ. ಆ ಮನೆಯಲ್ಲಿ ಅಷ್ಟೊಂದು ಬೆಳ್ಳುಳ್ಳಿ ಯಾಕೆ ಸುಲಿಯುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಆ ಬೆಳ್ಳುಳ್ಳಿಯೇ ಕೊನೆಗೆ ಕಾಲು ಮುರಿಯಿತು.

ಪ್ರಪಾತದ ಅಂಚಿನಲ್ಲಿ ಒಂದು ಹಲಗೆಯ ಅಗಲದ ಮೇಲೆ ಜೀವಮಾನ ಕಳೆದ ವೀರ, ಮಳೆಗೆ ಜಾರದವನು, ಹಿಮಕ್ಕೆ ಜಾರದವನು, ಸ್ವಂತ ಹಿತ್ತಲ ಬಾಗಿಲಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಮೇಲೆ ಕಾಲಿಟ್ಟು ಬಿದ್ದ. ಮೊಣಕಾಲಿನ ಕೆಳಗೆ ಎಲುಬು ಲಟಕ್ಕೆಂದಿತು. ಬಡಗಿಯ ಏಣಿಯ ಮೇಲೆ ಅವನನ್ನು ಮಲಗಿಸಿ ಜನ ಕೆಳಗಿನ ಪೇಟೆಗೆ ಹೊತ್ತರು. ದಾರಿಯುದ್ದಕ್ಕೂ ಅವನು, "ಬೇಗ ನಡೀರೋ, ಹೆಣ ಹೊರೋರ ಹಾಗೆ ಹೋಗ್ತೀರಲ್ಲ" ಎಂದು ಬೈಯುತ್ತಿದ್ದ. ಹೊತ್ತವರಿಗೆ ಆ ಮಾತನ್ನು ನಿಜ ಮಾಡಬೇಕು ಎನ್ನಿಸಿದ್ದು ಸುಳ್ಳಲ್ಲ.

ಪೇಟೆಯ ಡಾಕ್ಟರು ಪ್ಲಾಸ್ಟರು ಮೆತ್ತಿ ಹೇಳಿದರು: "ನೋಡಿ, ನಾನು ಹೇಳೋವರೆಗೂ ಈ ಪಾದ ನೆಲಕ್ಕೆ ತಾಗಬಾರದು. ತಾಗಿದ್ರೆ ಎಲುಬು ಸೊಟ್ಟಗೆ ಕೂಡುತ್ತೆ. ಆಮೇಲೆ ಬೀದೀಲಿ ಕೋಲೂರಿಕೊಂಡು ಓಡಾಡಬಹುದು, ಆ ನಿಮ್ಮ ಹಲಗೆ ಮೇಲೆ ಮಾತ್ರ ಆಗಲ್ಲ."

ಹಲಗೆಯಿಲ್ಲದ ಬದುಕು ಪಾದರಸನಿಗೆ ಗೊತ್ತಿರಲಿಲ್ಲ.

ಕಾಲುವೆ ಕಾಯಲು ಹೆಂಡತಿಯ ತಮ್ಮನನ್ನು ಬಯಲಿನಿಂದ ಕರೆಸಿದರು. ಈ ಭಾವಮೈದ ಒಳ್ಳೆಯ ಹುಡುಗಾಟದ ಆಳು, ಮಲಗಿದ ಕಡೆ ಮೆತ್ತೆಯಾಗುವವನು. ಹಲಗೆ ಶುರುವಾಗುವ ಕಡೆ ಒಂದು ಚಪ್ಪರ ಹಾಕಿಕೊಂಡು, ಹಗಲೆಲ್ಲ ಅಲ್ಲಿಯೇ ಇದ್ದು, ಕೊಡತಿ ನಿಂತರೆ ಎದ್ದು ನೋಡುವುದು ಎಂದು ಮಾತಾಯಿತು. "ನೀವೇನೂ ಯೋಚನೆ ಮಾಡ್ಬೇಡಿ ಭಾವ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ" ಎಂದು ಹೋದ. ಆ ಕಣ್ಣುಗಳ ಮೇಲೆ ರೆಪ್ಪೆಗಳೂ ಇರುತ್ತವೆ ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ವಾರ ಒಂದು ಎಲೆ ಬಂದು ಚಕ್ರಕ್ಕೆ ಸಿಕ್ಕಿತು. ಕೊಡತಿ ನಿಂತಿತು. ಬಂಡೆಯಕ್ಕ ಹೋಗಿ ಎಲೆ ತೆಗೆದು ತಿರುಗಿ ನೋಡುತ್ತಾಳೆ, ಗಂಡ ಅಂಗಳದ ನಡುವೆ ಒಂಟಿಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದಾನೆ, ಪ್ಲಾಸ್ಟರು ಬಿರುಕು ಬಿಟ್ಟಿದೆ. ಮತ್ತೆ ಏಣಿ, ಮತ್ತೆ ಪೇಟೆ, ಡಾಕ್ಟರ ಕೈಲಿ ಮತ್ತೆ ಬೈಗುಳ. ಪುಣ್ಯಕ್ಕೆ ಎಲುಬು ಕದಲಿರಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಹೊರಲ್ಲಮ್ಮ, ಉರುಳಿಸಿಬಿಡ್ತೀವಿ" ಎಂದು ಬಡಗಿ ಬೆವರು ಒರೆಸಿಕೊಂಡು ಹೇಳಿ ಹೋದ.

ಬಂಡೆಯಕ್ಕ ಮಂಚದ ಅಂಚಿನಲ್ಲಿ ಕೂತಳು.

"ರೀ, ಯಾಕೆ ಎದ್ರಿ?"

"ನಾನೆಲ್ಲಿ ಎದ್ದೆ? ಕೊಡತಿ ನಿಂತ್ರೆ ಈ ಕಾಲು ನನ್ನ ಮಾತು ಕೇಳಲ್ಲ ಕಣೇ. ಅದೇ ಎದ್ದು ಹೋಗುತ್ತೆ, ನಾನು ಅದರ ಹಿಂದೆ ಹೋಗ್ತೀನಿ."

"ಕೊಡತಿ ಬಡೀತಾ ಇದ್ರೆ?"

"ಬಡೀತಾ ಇದ್ರೆ ನಾನ್ಯಾಕೆ ಏಳಲಿ? ಹೆಣದ ಹಾಗೆ ಬಿದ್ದಿರ್ತೀನಿ."

"ಬಿಡ್ತು ಅನ್ನಿ."

"ಬಿಡ್ತು. ಮೂಟೆ ಹಾಗೆ ಬಿದ್ದಿರ್ತೀನಿ."

ಆ ಕ್ಷಣದಲ್ಲಿ ಬಂಡೆಯಕ್ಕ ಒಂದು ಘೋರ ಪ್ರತಿಜ್ಞೆ ಮಾಡಿದಳು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಬೆಳಿಗ್ಗೆ ಎದ್ದು ತನ್ನ ಬುಟ್ಟಿ, ಚಾಪೆ ಎರಡನ್ನೂ ಎತ್ತಿಕೊಂಡು ಹೋಗಿ ಚಕ್ರದ ಪಕ್ಕ ಕೂತಳು. ಗಂಡನ ಕಾಲು ಕೂಡುವ ತನಕ ಹಗಲು ಹೊತ್ತು ಕೊಡತಿ ನಿಲ್ಲಬಾರದು. ನೀರು ಬಡಿದರೆ ನೀರು, ಇಲ್ಲದಿದ್ದರೆ ತಾನು. ಚಕ್ರ ತಡವರಿಸಿದರೆ ಅವಳ ಕೈ ಕೊಡತಿಯ ಬಾಲದ ಮೇಲೆ ಬೀಳುತ್ತಿತ್ತು. ಅದುಮಿ ಬಿಟ್ಟರೆ ಟಕ್. ಅಷ್ಟರಲ್ಲಿ ಎಲೆ ಹೋಗಿ ನೀರು ಮತ್ತೆ ಕೆಲಸಕ್ಕೆ ಬರುತ್ತಿತ್ತು. ಜೀವಮಾನವಿಡೀ ಕೂತದ್ದಕ್ಕೆ ಬೈಸಿಕೊಂಡವಳಿಗೆ ಕೊನೆಗೂ ಕೂರುವುದೇ ಉದ್ಯೋಗವಾಯಿತು. ಒಳಗೆ ಮಂಚದ ಮೇಲೆ ಪಾದರಸ ತಾರಸಿಯ ತೊಲೆಗಳನ್ನು ನೋಡುತ್ತಾ, ಬೆರಳು ಕುಣಿಸುತ್ತಾ, ಕಿವಿ ನಿಮಿರಿಸಿಕೊಂಡು ಮಲಗಿದ್ದ. ಅದು ಮಲಗಿದ್ದಲ್ಲ, ಅಡ್ಡಡ್ಡಲಾಗಿ ಓಡುತ್ತಿದ್ದದ್ದು.

ಕೋಸಿನ ಸಸಿ ನೆಟ್ಟ ಹೊಸದು. ಮೆಟ್ಟಿಲು ಮೆಟ್ಟಿಲಾದ ಹೊಲಗಳಲ್ಲಿ ಬೆರಳುದ್ದದ ಸಸಿಗಳು ನಿಂತಿದ್ದವು. ಅಂಥ ಒಂದು ಬೆಳಿಗ್ಗೆ ಬಂಡೆಯ ಮೇಲಿಂದ ಒಂದು ಕಲ್ಲು ಉರುಳಿ, ನಡುವಿನ ಒಂದು ದೋಣಿಗೆ ಬಡಿದು, ಅದರ ಬಾಲವನ್ನು ಗೂಟದಿಂದ ಎಬ್ಬಿಸಿತು. ಊರಿಗೆ ಬರಬೇಕಾದ ನೀರೆಲ್ಲ ಪ್ರಪಾತಕ್ಕೆ ಧುಮುಕಿತು.

ಚಕ್ರ ನಿಂತಿತು. ಬಂಡೆಯಕ್ಕ ಬೆಳ್ಳುಳ್ಳಿ ಬಿಟ್ಟು ಕೊಡತಿ ಹಿಡಿದಳು. ತಮ್ಮ ನೋಡಿ ಸರಿಮಾಡುತ್ತಾನೆ ಎಂದು ಬಡಿದಳು. ಇನ್ನೇನು ಬಂತು ಎಂದು ಬಡಿದಳು. ಕೈ ಬದಲಿಸಿ ಬಡಿದಳು. ದಾರಿಯಲ್ಲಿ ಬಡಗಿ ಹೋಗುತ್ತಿದ್ದ. ಕೂಗಿದರೆ ಒಳಗೆ ಕೇಳುತ್ತದೆ, ಹಾಗಾಗಿ ಒಂದು ಕೈಯಲ್ಲಿ ಬಡಿಯುತ್ತಾ ಇನ್ನೊಂದು ಕೈಯನ್ನು ಮೇಲೆತ್ತಿ ಬಂಡೆಯ ಕಡೆ ಬೀಸಿ ಬೀಸಿ ತೋರಿಸಿದಳು. ಬಡಗಿ ತಲೆಯೆತ್ತಿ ನೋಡಿದ. "ಹೌದಕ್ಕ, ಬಿಸಿಲು ಜೋರೇ" ಎಂದು ತಲೆಯಾಡಿಸಿ ಹೋದ.

ತಮ್ಮನ ವಿಷಯ ಹೇಳಬೇಕೆಂದರೆ, ಅವನ ಚಪ್ಪರದ ಪಕ್ಕದಲ್ಲೇ ದೋಣಿ ಬತ್ತಿ ಒಣಗಿತ್ತು. ಕಣ್ಣು ತೆರೆದಿದ್ದರೆ ಕಾಣುತ್ತಿತ್ತು. ಆದರೆ ಕಣ್ಣು ತೆರೆಯಲು ಒಂದು ಕಾರಣ ಬೇಕಲ್ಲ. ಕೊಡತಿ ಬಡಿಯುತ್ತಿತ್ತು.

ಬಿಸಿಲು ಏರಿತು. ಕೆಳಗಿನ ಬೀದಿಯ ಹಾಲಿನವಳು ಹೊಲಕ್ಕೆ ಬಂದು ನೋಡಿದರೆ ಸಸಿಗಳೆಲ್ಲ ತಪ್ಪು ಮಾಡಿದ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ಅವಳು ಸೊಂಟದ ಮೇಲೆ ಕೈಯಿಟ್ಟು ಮೇಲಿನ ಹೊಲಗಳ ಕಡೆ ತಿರುಗಿದಳು.

"ಏನ್ರಪ್ಪಾ ಮೇಲಿನ ಬೀದಿಯವರೇ! ನಮ್ಮ ಪಾಲಿನ ನೀರೂ ಕುಡಿದ್ರಲ್ಲ, ಹೊಟ್ಟೆ ಒಡೆದುಹೋಗಲ್ವಾ ನಿಮಗೆ?"

ಬಡಗಿ ತನ್ನ ಹೊಲದಿಂದ ಇಣುಕಿದ. "ನಮ್ಮದೂ ಒಣಗಿದೆ ತಾಯಿ. ಕೆಳಗಿಂದ ನೀವೇ ಎಳ್ಕೊಳ್ತಾ ಇದೀರ."

"ಕೆಳಗಿಂದ ಎಳ್ಕೊಳ್ಳೋಕೆ ನಮಗೇನು ಸೊಂಡಿಲು ಇದೆಯಾ?"

"ಸೊಂಡಿಲು ಕಾಣ್ತಿಲ್ಲ, ಬಾಯಂತೂ ಅಷ್ಟುದ್ದ ಇದೆ."

ಇಷ್ಟು ಸಾಕಾಯಿತು. ಎರಡೂ ಬೀದಿಯವರು ಗುದ್ದಲಿ, ಸನಿಕೆ, ಬಕೆಟ್ಟು, ಕೈಗೆ ಸಿಕ್ಕ ಆಯುಧ ಹಿಡಿದು ಬಂದು ಸೇರಿದರು. ಕುಂಬಳಕಾಯಿಗಳ ಕಾಲದಿಂದ ಕೂಡಿಟ್ಟ ಸಿಟ್ಟೆಲ್ಲ ಹೊರಗೆ ಬಂತು. ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನ ಕತ್ತೆಯನ್ನು ಒದ್ದದ್ದೂ ಬಂತು. ನೀರು ಎಲ್ಲಿ ಕದ್ದುಹೋಗುತ್ತಿದೆ ಎಂದು ಹುಡುಕಲು ಜನ ಕಾಲುವೆಯೊಳಗೆ ಇಳಿದು ನಿಂತರು. ನೀರಿಲ್ಲದ ಕಾಲುವೆಯ ತಳದಲ್ಲಿ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಿಂತ ಬಡಗಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಒಂದು ಮಾತು. ನೀರಂತೂ ಬರ್ತಾ ಇದೆ. ಅದರಲ್ಲಿ ಅನುಮಾನ ಇಲ್ಲ. ಕೇಳಿಸ್ತಿದೆಯಲ್ಲ?"

ಎಲ್ಲರೂ ಕಿವಿಗೊಟ್ಟರು. ಟಕ್. ಟಕ್. ಹೌದು, ಬರುತ್ತಿದೆ. ಹಾಲಿನವಳೂ ಒಪ್ಪಿದಳು. ಕಾಲಿನ ಕೆಳಗೆ ನೋಡಲು ಯಾರಿಗೂ ತೋಚಲಿಲ್ಲ. ಬರುತ್ತಿರುವ ನೀರು ಕಾಣುತ್ತಿಲ್ಲ ಎಂದರೆ ಕಳ್ಳ ಇದ್ದೇ ಇರಬೇಕು, ಅವನು ಎದುರಿನ ಬೀದಿಯವನೇ ಆಗಿರಬೇಕು. ಮತ್ತೆ ಗುದ್ದಲಿಗಳು ಮೇಲೆದ್ದವು.

ಈ ಗದ್ದಲ ಮಂಚದ ಮೇಲಿನ ಪಾದರಸನಿಗೂ ಕೇಳಿಸಿತು. ಆದರೆ ಅವನ ನೆಮ್ಮದಿ ಕೆಟ್ಟದ್ದು ಅದಕ್ಕೂ ಮೊದಲೇ. ಕೊಡತಿ ಬಡಿಯುತ್ತಿದೆ, ಆದರೂ ಆ ಬಡಿತ ಎಲ್ಲೋ ಸರಿಯಿಲ್ಲ. ಮಾತು ಕೊಟ್ಟದ್ದು ನೆನಪಿಸಿಕೊಂಡು ಮಂಚದ ಪಟ್ಟಿ ಬಿಗಿಯಾಗಿ ಹಿಡಿದ. ಕಣ್ಣು ಮುಚ್ಚಿ ಕೇಳಿದ. ಟಕ್, ಟಕ್, ಟಕ್, ಒಂದು ಸಣ್ಣ ಬಿಡುವು. ಮತ್ತೆ ಟಕ್, ಟಕ್, ಟಕ್, ಬಿಡುವು. ಮರದ ವ್ಯಾಪಾರಿಯ ಜಗಲಿ ಕಣ್ಣೆದುರು ಬಂದು ನಿಂತಿತು. ಕಿಟಕಿಯ ಕಡೆ ಕತ್ತು ಚಾಚಿದ.

"ಏ, ಆ ಕೊಡತಿ ಬಿಡೇ!"

ಹಿತ್ತಲ ಕಿಟಕಿಯಾಚೆ ಕೊಡತಿ ಬಡಿಯುತ್ತಲೇ ಇತ್ತು. ಟಕ್.

"ಈಗ ಬಳೆ ಹಿಂದಕ್ಕೆ ತಳ್ಳಿಕೊಂಡ್ಯಲ್ಲ. ನೀರಿಗೆಲ್ಲಿಂದ ಬಂತೇ ಬಳೆ?"

ಟಕ್. ಆಮೇಲೆ ಅವಳ ದನಿ, ಏದುಸಿರಿನ ನಡುವೆ: "ಬಿಟ್ರೆ ನೀವು ಏಳ್ತೀರಿ."

"ಬಿಡದಿದ್ರೆ ಊರು ಒಣಗುತ್ತೆ."

"ಒಣಗಲಿ. ಊರಿಗೆ ಸಸಿ ಮತ್ತೆ ಹುಟ್ಟುತ್ತೆ. ನಿಮಗೆ ಕಾಲು ಹುಟ್ಟುತ್ತಾ? ನನ್ನ ಸಿಪ್ಪೆಯಿಂದ ಮುರಿದ ಕಾಲು ಅದು."

"ನಿನ್ನ ತಮ್ಮ ಎಲ್ಲಿ?"

"ಬರ್ತಾನೆ."

"ಯಾವಾಗ?"

"ಎದ್ದ ಮೇಲೆ."

ಕಾಲು ಆಗಲೇ ಮಂಚದ ಅಂಚಿನ ಕಡೆ ಸರಿಯತೊಡಗಿತ್ತು. ಪಾದರಸ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದುಕೊಂಡ. ಗೋಡೆಯ ಮೇಲೆ ಬಂಡೆಯ ಕೆಲಸಕ್ಕೆ ಒಯ್ಯುವ ಹಗ್ಗದ ಸುರುಳಿ ತೂಗುತ್ತಿತ್ತು.

"ಬಾ, ನನ್ನ ಕಟ್ಟಿಹಾಕು."

"ನಾನು ಒಳಗೆ ಬರೋಷ್ಟರಲ್ಲಿ ನೀವು ಹೊರಗಿರ್ತೀರಿ."

"ಇಲ್ಲ. ನೀನು ಕಟ್ಟೋವರೆಗೂ ನಾನೇ ಬಡೀತೀನಿ."

ಹಾಗೆಂದು ಅವನು ಲೋಟ ತೆಗೆದುಕೊಂಡು ಮಂಚದ ಪಟ್ಟಿಗೆ ಬಡಿಯತೊಡಗಿದ. ಟಕ್, ಟಕ್. ಸ್ವಂತ ಕಾಲಿಗೆ ಸ್ವಂತ ಕೈಯಿಂದ ಮೋಸ. ಕಾಲು ನಂಬಿತು. ಬಂಡೆಯಕ್ಕ ಒಳಗೆ ನುಗ್ಗಿ ಹಗ್ಗ ಎಳೆದುಕೊಂಡಳು. ದಿಮ್ಮಿಗಳನ್ನು ಗಾಡಿಗೆ ಬಿಗಿಯುವುದನ್ನು ನೋಡಿಕೊಂಡೇ ಬೆಳೆದವಳು. ಸೊಂಟಕ್ಕೊಂದು, ತೊಡೆಗೊಂದು, ಒಳ್ಳೆಯ ಕಾಲಿಗೊಂದು ಗಂಟು ಬಿಗಿದಳು. ಕೈಗಳನ್ನು ಬಿಟ್ಟಳು.

"ಆಯ್ತು. ನಿಲ್ಲಿಸಿ."

ಅವನು ಲೋಟ ಕೆಳಗಿಟ್ಟ.

ಊರಿಗೆ ಊರೇ ಕಿವುಡಾದ ಹಾಗಾಯಿತು. ಹೊಲದಲ್ಲಿ ಬಡಗಿ ಹಾಲಿನವಳ ಅಜ್ಜನ ಬಗ್ಗೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಎತ್ತಿದ ಗುದ್ದಲಿಗಳು ಎತ್ತಿದಲ್ಲೇ ಉಳಿದವು. ಆಗ, ಆಗ ಮಾತ್ರ, ಎಲ್ಲರೂ ತಲೆ ಬಗ್ಗಿಸಿ ತಮ್ಮ ಕಾಲಿನ ಕೆಳಗೆ ನೋಡಿಕೊಂಡರು.

"ಅಯ್ಯೋ, ನೀರೇ ಇಲ್ಲ!" ಎಂದಳು ಹಾಲಿನವಳು, ಬೆಳಿಗ್ಗೆಯಿಂದ ಅದನ್ನೇ ಕೂಗುತ್ತಿದ್ದವಳು.

ಚಪ್ಪರದಲ್ಲಿ ಭಾವಮೈದ ಮೌನದ ಏಟಿಗೆ ಚಂಗನೆ ಎದ್ದು ಕೂತ. ಸೈನ್ಯಗಳೆರಡೂ ಒಂದಾಗಿ ಬಂಡೆಯ ಕಡೆ ಓಡಿದವು. ತಮ್ಮನ ಕಿವಿ ಹಿಂಡಲೆಂದು ಬಂಡೆಯಕ್ಕನೂ ಹಳದಿ ಶಾಲು ಬಿಗಿದುಕೊಂಡು ಹಿಂದೆಯೇ ಹೊರಟಳು. ಸಿಟ್ಟಿನಲ್ಲಿ ಚಕ್ರ ದಾಟಿದ್ದು ಅವಳಿಗೆ ಗೊತ್ತಾಗಲಿಲ್ಲ.

ಬಡಗಿ ಹಲಗೆಯ ಮೇಲೆ ಹೋಗಿ ನೋಡಿ ಕೂಗಿದ: ದೋಣಿಯ ಬಾಲ ಎದ್ದಿದೆ, ಬೆಣೆ ಹೊಡೆದರೆ ಸರಿಹೋಗುತ್ತದೆ, ಹೊಡೆಯುವ ತನಕ ಯಾರಾದರೂ ಅದರ ಮೇಲೆ ಭಾರ ಹಾಕಿ ಅದುಮಿ ಹಿಡಿಯಬೇಕು. ಒಬ್ಬ ಹತ್ತಿ ಕೂತ. ನೀರು ದೋಣಿಯ ಜೊತೆ ಅವನನ್ನೂ ಎತ್ತಿತು. ಇನ್ನೊಬ್ಬನೂ ಹತ್ತಿದ, ಇಬ್ಬರನ್ನೂ ಎತ್ತಿತು. ಮೂರನೆಯವನಿಗೆ ಜಾಗವಿರಲಿಲ್ಲ. ಬೆಟ್ಟ ಹತ್ತಿ ಇಳಿದು ಸವೆದ ಜನ ನಾವು, ಒಬ್ಬರ ಮೈಮೇಲೂ ಬೇಡದ ಮಾಂಸವಿಲ್ಲ. ನೀರನ್ನು ಮಣಿಸುವಂಥ ಆಸನ ಇಡೀ ಊರಿನಲ್ಲಿ ಒಂದೇ ಇತ್ತು. ಎಲ್ಲರೂ ನಿಧಾನಕ್ಕೆ ತಿರುಗಿ ಅವಳ ಕಡೆ ನೋಡಿದರು. ಅವಳು ಹಲಗೆಯ ತುದಿಯಲ್ಲಿ ತಮ್ಮನ ಕಿವಿ ಹಿಡಿದು ನಿಂತಿದ್ದಳು.

"ನನ್ನ ಯಾಕೆ ನೋಡ್ತೀರ?" ಎಂದಳು. ಆಮೇಲೆ ಅರ್ಥವಾಯಿತು. ಕಿವಿ ಬಿಟ್ಟಳು.

"ಅಕ್ಕಾ, ಬೇಡ" ಎಂದ ತಮ್ಮ.

"ನೀನು ಸುಮ್ನಿರು. ನಾಳೆ ಮತ್ತೆ ಕೊಡತಿ ನಿಂತ್ರೆ ಆ ಮನುಷ್ಯ ಮಂಚ ಕಟ್ಟಿಕೊಂಡೇ ಇಲ್ಲಿಗೆ ಬರ್ತಾರೆ."

ನಡೆಯುವವರ ದಾರಿಯನ್ನು ಬಂಡೆಯಕ್ಕ ಕೂತೇ ಗೆದ್ದಳು. ಹಲಗೆಯ ಮೇಲೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಕೈಯೂರಿ ಒಂದಿಷ್ಟು ಸರಿದಳು. ಸುಧಾರಿಸಿಕೊಂಡಳು. ಮತ್ತೆ ಸರಿದಳು. "ಇನ್ನೆಷ್ಟು ದೂರ?" ಎಂದು ಕೇಳುವಳು, "ಬಂತು ಬಂತು" ಎಂದು ಎರಡೂ ಬೀದಿಯವರು ಒಂದೇ ಬಾಯಲ್ಲಿ ಸುಳ್ಳು ಹೇಳುವರು.

ಇತ್ತ ಮನೆಯಲ್ಲಿ ಮಂಚ ಅಲುಗುತ್ತಿತ್ತು. ಕಟ್ಟಿಸಿಕೊಂಡವನು ಮೈಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ತೊನೆಯುತ್ತಾ, ಮಂಚವನ್ನೇ ಏಡಿಯ ಹಾಗೆ ನಡೆಸಿಕೊಂಡು ಹೊರಟಿದ್ದ. ಹಿತ್ತಲ ಬಾಗಿಲ ತನಕ ಬಂತು. ಅಲ್ಲಿ ಮಂಚದ ಅಗಲಕ್ಕೂ ಬಾಗಿಲಿನ ಅಗಲಕ್ಕೂ ಹೊಂದಲಿಲ್ಲ. ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡಿತು. ಅಲ್ಲಿಂದ ಬಂಡೆ ಪೂರ್ತಿ ಕಾಣುತ್ತದೆ. ಅಷ್ಟು ವರ್ಷ ಬಂಡೆಯಿಂದ ಮನೆ ನೋಡಿದವನು, ಮನೆಯಿಂದ ಬಂಡೆಯನ್ನು ಸರಿಯಾಗಿ ನೋಡಿದ್ದು ಆವತ್ತೇ. ಬೂದು ಬಣ್ಣದ ಗೋಡೆ, ಅದರ ಮೇಲೆ ಒಂದು ಗೀರು. ಗೀರಿನ ಮೇಲೆ ಇರುವೆಯಂಥ ಜನ. ಅವರ ನಡುವೆ ಒಂದು ಹಳದಿ ಚುಕ್ಕೆ, ಸರಿಯುತ್ತಿದೆ.

"ಏ!" ಎಂದು ಕೂಗಿದ. ಕೇಳುವ ದೂರವಲ್ಲ. ಹಗ್ಗ ಕಿತ್ತು ನೋಡಿದ. ಮರದ ವ್ಯಾಪಾರಿಯ ಮಗಳ ಗಂಟು. ಕೈಗಳು ಸುಮ್ಮನಿರಲಾರದೆ ಮಂಚದ ಕೆಳಗೆ ತಡಕಾಡಿದವು. ಅವಳು ಒಳಗೆ ನುಗ್ಗುವಾಗ ಬಾಗಿಲಲ್ಲಿ ಬಿಸುಟ ಬೆಳ್ಳುಳ್ಳಿಯ ಬುಟ್ಟಿ ಸಿಕ್ಕಿತು. ಕಣ್ಣು ಹಳದಿ ಚುಕ್ಕೆಯ ಮೇಲೇ ಇತ್ತು. ಬೆರಳುಗಳು ಒಂದು ಗಡ್ಡೆ ಒಡೆದು ಸಿಪ್ಪೆ ಬಿಡಿಸತೊಡಗಿದವು.

ಚುಕ್ಕೆ ನಿಂತಿತು. ಇನ್ನೊಂದು ಗಡ್ಡೆ. ಚುಕ್ಕೆ ಸ್ವಲ್ಪ ಮೇಲೆದ್ದು ಕೆಳಗಿಳಿಯಿತು. ಇನ್ನೊಂದು ಗಡ್ಡೆ. ಆಮೇಲೆ ಪಕ್ಕದಲ್ಲಿ, ಚಕ್ರ ನರಳಿತು, ತಿರುಗಿತು.

ಟಕ್. ಟಕ್. ಟಕ್. ಟಕ್. ನಡುವೆ ಬಿಡುವಿಲ್ಲ, ಬಳೆಯಿಲ್ಲ. ಶುದ್ಧ ನೀರು.

ಕಾಲು ಕೂಡಲೇ ಸುಮ್ಮನಾಯಿತು. ಅದಕ್ಕೆ ಬೇಕಾದದ್ದು ಅಷ್ಟೇ. ಆದರೆ ಮಿಕ್ಕ ಪಾದರಸ ಸುಮ್ಮನಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಕೊಡತಿ ಬಡಿಯುತ್ತಿದ್ದರೂ ಅವನಿಗೆ ಸಮಾಧಾನವಾಗಲಿಲ್ಲ. ನೀರು ಬಂತು ಎಂದು ಅದು ಹೇಳುತ್ತದೆ. ದೋಣಿಯ ಮೇಲೆ ಕೂತವಳು ಇಳಿದಳೋ ಇಲ್ಲವೋ ಎಂದು ಹೇಳುವುದಿಲ್ಲ. ಬೆಣೆ ಮುಗಿಯಿತು, ಜನ ಹಿಂದಿರುಗತೊಡಗಿದರು, ಬಂಡೆಯ ತಿರುವಿನಲ್ಲಿ ಹಳದಿ ಚುಕ್ಕೆ ಮರೆಯಾಯಿತು. ಮರೆಯಿಂದ ಹೊರಗೆ ಬರಲು ಅಷ್ಟು ಹೊತ್ತು ಯಾಕೆ? ಅವನು ಸುಲಿದ. ಸುಲಿದು ಮುಗಿದವನ್ನು ಮತ್ತೆ ಸುಲಿಯಲು ನೋಡಿದ.

ಸಂಜೆಯ ಬಿಸಿಲಿನಲ್ಲಿ ಬಂಡೆಯಕ್ಕ ಹಿತ್ತಲಿಗೆ ಬಂದಳು. ಸೊಂಟದಿಂದ ಕೆಳಗೆ ತೊಯ್ದು ತೊಪ್ಪೆಯಾಗಿದ್ದಳು. ಮಂಚ ಬಾಗಿಲಲ್ಲಿ ಅಡ್ಡ ನಿಂತಿತ್ತು, ಒಳಗೆ ಹೋಗಲು ದಾರಿಯಿಲ್ಲ.

"ಪಾದ ನೆಲಕ್ಕೆ ತಾಗಿತಾ?" ಎಂದು ಕೇಳಿದಳು.

"ಇಲ್ಲ. ಮಂಚದ್ದು ತಾಗಿತು." ಆಮೇಲೆ ದನಿ ಏರಿಸಿ, "ಇಷ್ಟೊತ್ತು ಏನು ಮಾಡ್ತಿದ್ದೆ? ನೀರು ಬಂದು ಎಷ್ಟೊತ್ತಾಯ್ತು? ಮನೇಲಿ ಒಬ್ಬ ಕಾಯ್ತಾ ಇರ್ತಾನೆ ಅನ್ನೋ ಗ್ಯಾನ ಬೇಡ್ವಾ?" ಎಂದ.

ಅವಳು ಬುಟ್ಟಿಯ ಕಡೆ ನೋಡಿದಳು. ಒಂದು ಗಡ್ಡೆಯೂ ಉಳಿದಿರಲಿಲ್ಲ. ಮಂಚ, ಹಗ್ಗ, ಪ್ಲಾಸ್ಟರು, ಗಂಡನ ಮೀಸೆ, ಎಲ್ಲದರ ಮೇಲೂ ಸಿಪ್ಪೆ.

"ಇಷ್ಟೊಂದು ಬೆಳ್ಳುಳ್ಳಿ ಯಾರ್ರೀ ತಿಂತಾರೆ?"

"ಇಷ್ಟು ವರ್ಷ ಯಾರು ತಿಂದ್ರು?"

"ನೀವೇ. ನಿಂತ್ಕೊಂಡು. ತಟ್ಟೇಲಿ ಏನಿದೆ ಅಂತ ನೋಡದೆ."

ಅವಳು ಗಂಟು ಬಿಚ್ಚಲು ಹೋದಳು. ಸಿಪ್ಪೆ ಅಂಟಿದ ಕೈಯಿಂದ ಅವನೂ ಸೇರಿಕೊಂಡ. ಆ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಎಲುಬು ನೆಟ್ಟಗೆ ಕೂಡಿತು. ಪ್ಲಾಸ್ಟರು ಒಡೆದ ಡಾಕ್ಟರು, "ಇಷ್ಟು ಶಿಸ್ತಾಗಿ ಮಲಗಿದ ರೋಗಿಯನ್ನ ನಾನು ನೋಡೇ ಇಲ್ಲ" ಎಂದರು. ಏಣಿ ಹೊತ್ತು ಬಂದಿದ್ದ ಬಡಗಿ ಗೋಡೆಯ ಕಡೆ ತಿರುಗಿ ಕೆಮ್ಮಿದ. ಭಾವಮೈದ ಬಯಲಿಗೆ ಮರಳಿ ಈಗ ಯಾವುದೋ ಗೋದಾಮು ಕಾಯುತ್ತಾನೆ, ಅಲ್ಲಿ ಕೊಡತಿಯೇ ಇಲ್ಲ. ಪಾದರಸ ಮತ್ತೆ ಹಲಗೆ ಹತ್ತಿದ. ಹಿಂದಿನ ಹಾಗೇ ಓಡುತ್ತಾನೆ, ಹಿಂದಿನ ಹಾಗೇ ನಿಂತು ಉಣ್ಣುತ್ತಾನೆ; ತಟ್ಟೆಯನ್ನು ಮಾತ್ರ ಒಮ್ಮೆ ನೋಡುತ್ತಾನೆ.

ಇನ್ನೊಂದು ಬದಲಾವಣೆಯೂ ಆಯಿತು. ಬಂಡೆಯ ತಿರುವು ದಾಟಿ ಆಚೆ ಮುಟ್ಟಿದ ಕೂಡಲೇ ಅವನು ದೋಣಿಗೆ ಒಂದು ಹಲಗೆ ಅಡ್ಡ ಇಟ್ಟು, ಒಂದು ಉಸಿರಿನಷ್ಟು ಹೊತ್ತು ನೀರು ತಡೆದು, ತೆಗೆಯುತ್ತಾನೆ. ಆ ತಡೆ ನೀರಿನ ಜೊತೆ ಹರಿದು ಬಂದು, ಊರಿನಲ್ಲಿ ಕೊಡತಿ ಒಂದು ಏಟು ತಪ್ಪಿಸುತ್ತದೆ. ನಾನು ಚೆನ್ನಾಗಿದ್ದೇನೆ ಎಂದು ಅರ್ಥ. ಮೊದಮೊದಲು ಆ ಒಂದು ಏಟು ತಪ್ಪಿದಾಗ ಎರಡೂ ಬೀದಿಯವರು ಗುದ್ದಲಿ ಹಿಡಿದು ಹೊರಗೆ ಬರುತ್ತಿದ್ದರು. ಈಗ ಅಭ್ಯಾಸವಾಗಿದೆ. "ಅದು ನಮಗಲ್ಲ, ಬಂಡೆಯಕ್ಕನಿಗೆ" ಎಂದು ಮಾತು ಮುಂದುವರಿಸುತ್ತಾರೆ.

ಮೊನ್ನೆಯೂ ಹಾಗೇ ಒಂದು ಏಟು ತಪ್ಪಿತು. ಚಕ್ರಕ್ಕೆ ಎಣ್ಣೆ ಹಾಕಲು ಬಂದಿದ್ದ ಬಡಗಿ ನೋಡಿದರೆ, ಬಂಡೆಯಕ್ಕ ಕಲ್ಲು ಬಿಟ್ಟು ಎದ್ದಿಲ್ಲ, ಬುಟ್ಟಿಯನ್ನೂ ಕೆಳಗಿಟ್ಟಿಲ್ಲ.

"ಇನ್ನೂ ಯಾಕಕ್ಕ ಕೂತಿದೀರ? ಚೆನ್ನಾಗಿದೀನಿ ಅಂತ ಈಗಷ್ಟೇ ಹೇಳಿದನಲ್ಲ."

"ಈಗ ಹೇಳಿದ್ದಲ್ಲಪ್ಪ ಅದು" ಎಂದಳು ಅವಳು, ಬಂಡೆಯ ಮೇಲಿಂದ ಕಣ್ಣು ತೆಗೆಯದೆ. "ಆವಾಗ ಹೇಳಿದ್ದು. ಈಗ ಬಂತು."

ಎಂದು ಇನ್ನೊಂದು ಗಡ್ಡೆ ಒಡೆದಳು.